ಎದ್ದನಾ ನೋಡಿ

ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಯಿತು. ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಹೋಗುವ ಚಟ ಅಂಟಿಕೊಂಡು ಆರು ವರ್ಷ. ಪತ್ರಿಕೆಯ ಛಾಯಾಗ್ರಾಹಕರಿಗೆ ಟ್ರ್ಯಾಕಿನ ಅಂಚಿಗೆ ಹೋಗಲು ಪಾಸ್ ಇರುತ್ತದೆ. ನನ್ನಂಥ ಹವ್ಯಾಸಿಗೆ ಪ್ರೇಕ್ಷಕರ ಮೆಟ್ಟಿಲೇ ಗತಿ. ಅಲ್ಲಿಂದ ದೂರದ ತಿರುವಿನ ಬೈಕು ಹೆಬ್ಬೆರಳಷ್ಟು ಕಾಣುತ್ತದೆ. ಅದಕ್ಕೇ 150-600 ಮಿ.ಮೀ. ಲೆನ್ಸು. ಅದೊಂದೇ ಸುಮಾರು ಎರಡು ಕೆ.ಜಿ., ಕ್ಯಾಮೆರಾ ಸೇರಿದರೆ ಮೂರರ ಹತ್ತಿರ. ಜನರ ನಡುವೆ ಟ್ರೈಪಾಡ್ ಹರಡಲು ಜಾಗವಿಲ್ಲ, ಕೈಯಲ್ಲೇ ಹಿಡಿಯಬೇಕು.

ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಲೆನ್ಸಿನ ಭಾರವನ್ನು ಎಡ ಅಂಗೈಯಲ್ಲಿ ಹೊತ್ತು, ಪಾದ ಕದಲಿಸದೆ ಸೊಂಟದಿಂದ ತಿರುಗಬೇಕು. ಷಟರ್ ವೇಗ 1/2000 ಸೆಕೆಂಡಿಗೆ ಇಟ್ಟರೆ ಚಿತ್ರ ಚೂಪಾಗಿ ಬರುತ್ತದೆ; ಆದರೆ ಚಕ್ರವೂ ನಿಂತುಬಿಡುತ್ತದೆ, ಬೈಕನ್ನು ಯಾರೋ ಓರೆಯಾಗಿ ನಿಲ್ಲಿಸಿ ಹೋದಂತೆ. 1/125ಕ್ಕೆ ಇಳಿಸಿ ಬೈಕಿನ ವೇಗಕ್ಕೇ ಲೆನ್ಸನ್ನೂ ತಿರುಗಿಸಿದರೆ ಸವಾರ ಸ್ಪಷ್ಟ, ಹಿನ್ನೆಲೆ ಗೆರೆಗೆರೆ. ನೂರಕ್ಕೆ ಐದು ಸಿಕ್ಕರೆ ಅದೃಷ್ಟ. ಅಪರ್ಚರ್ ಪೂರ್ತಿ ತೆರೆದರೆ ಎದುರಿನ ತಂತಿಬೇಲಿಯೂ ಚಿತ್ರದಲ್ಲಿ ಕರಗಿಹೋಗುತ್ತದೆ. ನಮ್ಮನ್ನು ಕಾಯುವ ಬೇಲಿಯನ್ನೇ ಕಾಣದಂತೆ ಮಾಡುವುದು ಬಹಳ ಕಾಲ ನನಗೆ ಬರೀ ಜಾಣತನವಾಗಿ ಕಂಡಿತ್ತು.

ಕಳೆದ ವರ್ಷ ಒಂದು ಭಾನುವಾರ, ನಾನು ಮನೆಗೆ ಫೋನ್ ಮಾಡಿ ಮಾತಾಡಿದ್ದು ಕೇಳಿ ಪಕ್ಕದಲ್ಲಿದ್ದ ಹೆಣ್ಣುಮಗಳು "ಕನ್ನಡದವ್ರಾ ಅಣ್ಣಾ?" ಎಂದರು. ರಾತ್ರಿ ಬಸ್ಸಿಗೆ ತುಮಕೂರಿನಿಂದ ಬಂದಿದ್ದರು. ಅವರ ತಮ್ಮ ಹೊಸಬರ ರೇಸಿನಲ್ಲಿದ್ದ. "ಅಮ್ಮಂಗೆ ಹೇಳಿಲ್ಲ, ಬರೀ ಪ್ರಾಕ್ಟೀಸ್ ಅಂದಿದೀವಿ" ಎಂದು ನಕ್ಕರು. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ರೇಸಿನ ನಡುವೆ ಬಿದ್ದು ತೀರಿಕೊಂಡಿದ್ದ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಮೂರನೇ ಸುತ್ತಿನಲ್ಲಿ ಒಂದು ಬೈಕು ಜಾರಿತು. ಸವಾರ ಉರುಳಿ ಹೊರಗಿನ ಮಣ್ಣಿಗೆ ಬಿದ್ದ. ನನ್ನ ಬೆರಳು ಗುಂಡಿಯ ಮೇಲಿತ್ತು, ಹಾಗೇ ಉಳಿಯಿತು. ಬರಿಗಣ್ಣಿಗೆ ಕಾಣುತ್ತಿದ್ದದ್ದು ಧೂಳು, ಹಳದಿ ಬಾವುಟ, ಓಡುವ ಮಾರ್ಷಲ್‌ಗಳು, ಅಷ್ಟೇ.

"ಅಣ್ಣಾ, ಅವ್ನೇ. ಎದ್ದನಾ ನೋಡಿ. ನಿಮ್ಮದ್ರಲ್ಲಿ ಕಾಣುತ್ತಲ್ಲಾ!"

"ತಡೀರಿ" ಎಂದೆ. ಚಿತ್ರ ಚೆನ್ನಾಗಿ ಬರುತ್ತಿತ್ತು.

ಆಮೇಲೆ ಹೇಳಿದೆ. ಅವರು ಥ್ಯಾಂಕ್ಸ್ ಎಂದು ಮೆಟ್ಟಿಲಿಳಿದು ಓಡಿದರು. ಹುಡುಗನಿಗೆ ಭುಜದ ಮೂಳೆ ಮುರಿದಿತ್ತು, ಹೆಚ್ಚೇನೂ ಆಗಿರಲಿಲ್ಲ. ರಾತ್ರಿ ಮನೆಯಲ್ಲಿ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದೆ. ಪ್ರತಿ ಚಿತ್ರದ ಜೊತೆ ಕ್ಯಾಮೆರಾ ಸಮಯವನ್ನೂ ಬರೆದಿಡುತ್ತದೆ. ಹುಡುಗ ಮಲಗಿದಲ್ಲಿಂದಲೇ ಮಾರ್ಷಲ್‌ಗೆ ಕೈಯೆತ್ತಿದ ಚಿತ್ರ 11 ಗಂಟೆ 42 ನಿಮಿಷ 16 ಸೆಕೆಂಡಿನದು. ನನ್ನ ಕೊನೆಯ ಚಿತ್ರ 29ನೇ ಸೆಕೆಂಡಿನದು. ಹದಿಮೂರು ಸೆಕೆಂಡು, ಅವನು ಬದುಕಿದ್ದಾನೆಂದು ನನಗೆ ಗೊತ್ತಿತ್ತು. ಅವನ ಅಕ್ಕನಿಗೆ ಗೊತ್ತಿರಲಿಲ್ಲ.

ಗೆಳೆಯರು ಸಮಾಧಾನ ಹೇಳುತ್ತಾರೆ: ಬೇಲಿಯ ಈಚೆ ನಿಂತು ನೀನೇನು ಮಾಡಬಹುದಿತ್ತು? ನಿಜ. ಕೈಲಾಗದ್ದಕ್ಕೆ ಯಾರೂ ಹೊಣೆಯಲ್ಲ. ಅಪಘಾತದ ಚಿತ್ರ ತೆಗೆಯುವುದೇ ತಪ್ಪೆಂದೂ ನಾನು ಒಪ್ಪಲಾರೆ. 1973ರ ಡಚ್ ಗ್ರಾನ್ ಪ್ರಿಯಲ್ಲಿ ರೋಜರ್ ವಿಲಿಯಮ್ಸನ್ನನ ಕಾರು ತಲೆಕೆಳಗಾಗಿ ಹೊತ್ತಿಕೊಂಡಿತು. ಡೇವಿಡ್ ಪರ್ಲಿ ಎಂಬ ಇನ್ನೊಬ್ಬ ಚಾಲಕ ತನ್ನ ಕಾರು ನಿಲ್ಲಿಸಿ ಓಡಿಬಂದು ಅದನ್ನು ಹೊರಳಿಸಲು ಒಬ್ಬನೇ ಹೆಣಗಿದ. ರೇಸು ನಿಲ್ಲಲಿಲ್ಲ. ಹಾದುಹೋದ ಚಾಲಕರಲ್ಲಿ ಹಲವರು, ಬೆಂಕಿಯ ಪಕ್ಕ ನಿಂತವನೇ ಆ ಕಾರಿನವನು, ಪಾರಾಗಿದ್ದಾನೆ ಎಂದುಕೊಂಡರು. ವಿಲಿಯಮ್ಸನ್ ಉಳಿಯಲಿಲ್ಲ. ಅದರ ಚಿತ್ರಸರಣಿ ತೆಗೆದ ಕೋರ್ ಮೋಯ್‌ಗೆ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂತು. ಆ ಚಿತ್ರಗಳನ್ನು ನೋಡಿದರೆ ಪರ್ಲಿ ಎಷ್ಟು ಒಂಟಿಯಾಗಿದ್ದನೆಂದು ಇವತ್ತಿಗೂ ತಿಳಿಯುತ್ತದೆ. ಅದು ಸಾಕ್ಷಿ ನುಡಿಯುವ ಕೆಲಸ. ಅದು ಬೇಡವೆನ್ನಲು ನಾನ್ಯಾರು?

ನನ್ನ ತಪ್ಪು ಬೇರೆ ಕಡೆ ಇದೆ. ವೇಗವಾಗಿ ಹಾದುಹೋದ ಆ ಚಾಲಕರು ತಪ್ಪಾಗಿ ಕಂಡರು. ನನಗೆ ಸರಿಯಾಗಿಯೇ ಕಂಡಿತ್ತು. ಆ ಸಾಲಿನಲ್ಲಿ ಅಷ್ಟು ಹತ್ತಿರದಿಂದ ನೋಡಬಲ್ಲವನು ನಾನೊಬ್ಬನೇ. ಹುಡುಗನಿಗೆ ನನ್ನಿಂದ ಏನೂ ಆಗಬೇಕಿರಲಿಲ್ಲ, ಅವನ ಅಕ್ಕನಿಗೆ ಎರಡು ಮಾತು ಬೇಕಿತ್ತು: "ಕೈ ಎತ್ತಿದ." ದೂರದಲ್ಲಿದ್ದವನನ್ನು ಹತ್ತಿರ ತಂದ ಲೆನ್ಸು, ಮೊಣಕೈ ತಾಗುವಷ್ಟು ಹತ್ತಿರವಿದ್ದವರನ್ನು ಬೇಲಿಯ ಹಾಗೆ ಕರಗಿಸಿಬಿಟ್ಟಿತ್ತು. ಲೆನ್ಸಿನ ಮೇಲೆ ಹೇರುವುದೂ ಸರಿಯಲ್ಲ. ಬೀಳುವವರು ಹೆಚ್ಚಾಗಿ ಬೀಳುವುದು ಆ ತಿರುವಿನಲ್ಲೇ ಎಂದು ತಿಳಿದೇ ನಾನು ಅಲ್ಲಿ ಕೂತಿದ್ದೆ.

ಈಗಲೂ ಹೋಗುತ್ತೇನೆ. ಆ ತಿರುವು ಬಿಟ್ಟಿದ್ದೇನೆ ಎಂದರೆ ಸುಳ್ಳಾಗುತ್ತದೆ. ಯಾರಾದರೂ ಬಿದ್ದರೆ ಮಾತ್ರ ಕಂಡದ್ದನ್ನು ಕಂಡ ಹಾಗೆ ಜೋರಾಗಿ ಹೇಳುತ್ತೇನೆ, ನನಗೆ ಬರುವಷ್ಟು ತಮಿಳಿನಲ್ಲಿ: ಕೈ ಆಡಿಸಿದ, ಎದ್ದು ಕೂತ, ನಡೀತಿದಾನೆ. ಕೆಲವರು ತಿರುಗಿ ನೋಡಿ ನಗುತ್ತಾರೆ. ಹಾಗೆ ಹೇಳುವಾಗ ಲೆನ್ಸು ಅಲುಗಿ ಚಿತ್ರ ಕೆಡುತ್ತದೆ.

ಆ ದಿನದ ಚಿತ್ರಗಳನ್ನು ಅಳಿಸಿಲ್ಲ, ಯಾರಿಗೂ ತೋರಿಸಿಯೂ ಇಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿರುವುದು 29ನೇ ಸೆಕೆಂಡಿನದೇ.