ಕೆಡದ ವಸ್ತುವನ್ನು ಎಸೆಯಬಹುದೇ?

'ಹಳತಾಯಿತು' ಎಂಬ ಮಾತನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಅಂಗಿ ಹಳತಾಯಿತು ಎಂದರೆ ಬಟ್ಟೆ ಸವೆದಿದೆ, ಹರಿದಿದೆ ಎಂದರ್ಥ. ಸುದ್ದಿ ಹಳತಾಯಿತು ಎಂದರೆ ಸುದ್ದಿಗೆ ಏನೂ ಆಗಿಲ್ಲ, ಅದರ ಬೆನ್ನಿಗೆ ಬೇರೊಂದು ಸುದ್ದಿ ಬಂದಿದೆ ಎಂದರ್ಥ. ಮೊದಲನೆಯದು ವಸ್ತುವಿನೊಳಗೇ ಆಗುವ ಬದಲಾವಣೆ. ಎರಡನೆಯದು ಅದರ ಸುತ್ತಲ ಲೋಕದಲ್ಲಿ ಆಗುವ ಬದಲಾವಣೆ. ಈ ಎರಡನ್ನೂ ಒಂದೇ ಎಂದು ಭಾವಿಸಿದಾಗ ಒಂದು ದೊಡ್ಡ ಅನ್ಯಾಯಕ್ಕೆ ದಾರಿಯಾಗುತ್ತದೆ. ಅದು ಹೇಗೆಂದು ತಿಳಿಯಲು ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವನ್ನು ನೋಡೋಣ.

ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದಲ್ಲಿ 2002ರಲ್ಲಿ ಸೋನೋಸ್ ಎಂಬ ಕಂಪನಿ ಹುಟ್ಟಿತು. ಮನೆಯ ಎಲ್ಲ ಕೋಣೆಗಳಲ್ಲಿಯೂ ತಂತಿಯ ಗೊಡವೆಯಿಲ್ಲದೆ ಒಂದೇ ಹಾಡು ಒಂದೇ ಕ್ಷಣದಲ್ಲಿ ಕೇಳುವಂತೆ ಮಾಡುವುದು ಅದರ ಉದ್ದೇಶ. 2005ರಲ್ಲಿ ಅದರ ಮೊದಲ ಯಂತ್ರ ಮಾರುಕಟ್ಟೆಗೆ ಬಂತು. ಜನ ಅಡುಗೆಮನೆಗೆ ಒಂದು, ಪಡಸಾಲೆಗೆ ಒಂದು ಎಂದು ವರ್ಷವರ್ಷವೂ ಸೇರಿಸುತ್ತ ಹೋದರು. ಬೆಲೆ ಹೆಚ್ಚಾಗಿದ್ದರೂ ಬಾಳಿಕೆ ಬರುತ್ತದೆಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆ ಸುಳ್ಳಾಗಲಿಲ್ಲ. ತಾನು ಮಾರಿದ ಯಂತ್ರಗಳಲ್ಲಿ ನೂರಕ್ಕೆ 92 ಇನ್ನೂ ಬಳಕೆಯಲ್ಲಿವೆ ಎಂದು 2020ರಲ್ಲಿ ಕಂಪನಿಯೇ ಹೇಳಿಕೊಂಡಿತು.

ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ತೀರ ಹಳೆಯ ಮಾದರಿಗಳಲ್ಲಿ ನೆನಪಿನ ಶಕ್ತಿಯೂ ಲೆಕ್ಕ ಮಾಡುವ ಶಕ್ತಿಯೂ ಸಾಲದು, ಆದ್ದರಿಂದ ಆ ವರ್ಷದ ಮೇ ತಿಂಗಳಿನಿಂದ ಅವುಗಳಿಗೆ ಹೊಸ ಸಾಫ್ಟ್‌ವೇರ್ ಸಿಗುವುದಿಲ್ಲ ಎಂಬುದು ಆ ಮಾತು. ಇದರಲ್ಲಿ ಒಂದು ತೊಡಕಿತ್ತು. ಎಲ್ಲ ಕೋಣೆಗಳೂ ಒಟ್ಟಾಗಿ ಹಾಡಬೇಕಾದರೆ ಮನೆಯ ಎಲ್ಲ ಸ್ಪೀಕರುಗಳೂ ಒಂದೇ ಸಾಫ್ಟ್‌ವೇರಿನಲ್ಲಿ ಇರಬೇಕು. ಹೀಗಾಗಿ ಮನೆಯಲ್ಲಿ ಒಂದೇ ಒಂದು ಹಳೆಯ ಯಂತ್ರ ಉಳಿದಿದ್ದರೂ ನಿನ್ನೆ ತಂದ ಹೊಸತಕ್ಕೂ ಅಪ್‌ಡೇಟ್ ನಿಲ್ಲುತ್ತದೆ. ಮುದಿ ಎತ್ತನ್ನೂ ಎಳೆಯ ಹೋರಿಯನ್ನೂ ಒಂದೇ ನೊಗಕ್ಕೆ ಕಟ್ಟಿದಂತಾಯಿತು. ಮುದಿ ಎತ್ತಿನ ನಡಿಗೆಯೇ ಇಬ್ಬರ ನಡಿಗೆ.

ಇಲ್ಲಿ ನ್ಯಾಯ ಯಾರ ಕಡೆಗಿದೆ? ಅವಸರದಿಂದ ತೀರ್ಪು ಕೊಡುವುದು ಬೇಡ. ಕಂಪನಿಯ ಮಾತಿನಲ್ಲೂ ಹುರುಳಿದೆ. ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡುವುದು ತನ್ನ ಕ್ರಮ ಎಂದು ಅದು ಹೇಳಿತು. ಹತ್ತು ಹದಿನೈದು ವರ್ಷದ ಹಿಂದಿನ ಯಂತ್ರಕ್ಕೆ ಇಂದಿನ ಭಾರವನ್ನು ಹೊರಿಸಲಾಗದು ಎಂಬುದೂ ದಿಟವೇ. ಹೊಸದಾಗಿ ಕೊಂಡವನಿಗೆ ಹೊಸ ಸೌಲಭ್ಯ ಬೇಕೆನ್ನುವ ಹಕ್ಕಿಲ್ಲವೇ? ಇನ್ನೊಂದು ಕಡೆ ಹಳೆಯ ಗ್ರಾಹಕನ ಪ್ರಶ್ನೆಯೂ ಅಷ್ಟೇ ಗಟ್ಟಿಯಾಗಿದೆ: "ನಾನು ಕೊಂಡ ವಸ್ತು ಕೆಟ್ಟಿಲ್ಲ. ನಿನ್ನೆ ಹಾಡಿದಂತೆಯೇ ಇಂದೂ ಹಾಡುತ್ತಿದೆ. ಇದು ಹಳತಾಯಿತೆಂದು ಹೇಳಲು ನೀವು ಯಾರು?"

ಈ ಪ್ರಶ್ನೆ ನಿಜಕ್ಕೂ ಎರಡು ಸಾವಿರ ವರ್ಷ ಹಳೆಯದು. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಬ್ಬ ವ್ಯಾಪಾರಿಯ ಕಥೆ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ವ್ಯಾಪಾರಿ ಅಲೆಕ್ಸಾಂಡ್ರಿಯದಿಂದ ಧಾನ್ಯ ತುಂಬಿಕೊಂಡು ಬರುತ್ತಾನೆ. ಹಿಂದೆ ಇನ್ನೂ ಹಲವು ಧಾನ್ಯದ ಹಡಗುಗಳು ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅದನ್ನು ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೋ, ಬೇಡವೋ? ಕಾನೂನು ಕೇಳಿದಷ್ಟು ಹೇಳಿದರೆ ಸಾಕು ಎಂದು ಡಯೋಜೆನಿಸ್ ಎಂಬ ತತ್ತ್ವಜ್ಞಾನಿ ವಾದಿಸುತ್ತಾನೆ. ಕೊಳ್ಳುವವನಿಂದ ಏನನ್ನೂ ಮುಚ್ಚಿಡಬಾರದು ಎಂಬುದು ಅವನ ಶಿಷ್ಯ ಆಂಟಿಪೇಟರನ ವಾದ. ಸಿಸೆರೋ ಕೊನೆಗೆ ಮುಚ್ಚಿಡಬಾರದೆಂಬ ಕಡೆಗೇ ನಿಲ್ಲುತ್ತಾನೆ.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದನ್ನೇ ಮತ್ತೆ ಕೈಗೆತ್ತಿಕೊಂಡರು. ಮಾರುವ ವಸ್ತುವಿನಲ್ಲಿಯೇ ಕೊಳ್ಳುವವನಿಗೆ ನಷ್ಟ ಅಥವಾ ಅಪಾಯ ತರುವ ಗುಪ್ತ ದೋಷವಿದ್ದರೆ ಮಾರುವವನು ಅದನ್ನು ಹೇಳಲೇಬೇಕು ಎಂದರು. ಆದರೆ ಹಿಂದೆ ಬೇರೆ ವ್ಯಾಪಾರಿಗಳು ಬರುತ್ತಿದ್ದಾರೆಂಬುದನ್ನು ಹೇಳದಿದ್ದರೆ ಅದು ನ್ಯಾಯಕ್ಕೆ ವಿರುದ್ಧವಲ್ಲ, ಹೇಳಿದರೆ ಮಾತ್ರ ಅದು ಹೆಚ್ಚಿನ ಸದ್ಗುಣ ಎಂದು ವಿಂಗಡಿಸಿದರು. ಮುಂದೆ ಬೆಲೆ ಇಳಿಯುವುದು ಬೇರೆ, ವಸ್ತುವಿನ ದೋಷ ಬೇರೆ.

ಹಾಗಾದರೆ ನಮ್ಮ ಸ್ಪೀಕರ್ ಕಂಪನಿ ಈ ವಿಂಗಡಣೆಯ ನೆರಳಿನಲ್ಲಿ ಪಾರಾಯಿತೇ? ನನಗೆ ಹಾಗೆ ತೋರುವುದಿಲ್ಲ. ರೋಡ್ಸಿನ ವ್ಯಾಪಾರಿಯ ಹಿಂದೆ ಬರುತ್ತಿದ್ದ ಹಡಗುಗಳು ಬೇರೆಯವರವು. ಅವು ಯಾವಾಗ ಬರುತ್ತವೆಂಬುದು ಅವನ ಕೈಯಲ್ಲಿರಲಿಲ್ಲ. ಇಲ್ಲಿಯಾದರೋ ಹಿಂದೆ ಬರುವ ಹಡಗೂ ಮಾರುವವನದೇ. ಹಳತನ್ನು ಯಾವಾಗ ಹಳತೆನ್ನಬೇಕೆಂದು ಗೊತ್ತುಮಾಡುವವನೂ ಅವನೇ. ತನ್ನ ಕೈಯಲ್ಲಿರುವ ದಿನಾಂಕವನ್ನು ಕೊಳ್ಳುವವನಿಗೆ ಹೇಳದಿರುವುದು ಬೆಲೆಯ ಏರಿಳಿತದ ವಿಷಯವಲ್ಲ. ಅದು ವಸ್ತುವಿನೊಳಗಿನ ಗುಪ್ತ ದೋಷಕ್ಕೆ ಸಮ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನು ಇದೇ ದಿಕ್ಕಿನಲ್ಲಿದೆ. ಇಂಟರ್‌ನೆಟ್ಟಿಗೆ ಸೇರುವ ಗೃಹೋಪಯೋಗಿ ಯಂತ್ರಗಳಿಗೆ ಸುರಕ್ಷತೆಯ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆಂದು ತಯಾರಕರು ಬಹಿರಂಗವಾಗಿ ತಿಳಿಸಲೇಬೇಕು. ಸಿಸೆರೋ ಕೇಳಿದ್ದಕ್ಕೆ ಉತ್ತರ ಕೊಂಚ ತಡವಾಗಿ ಬಂತು!

ಇದಕ್ಕಿಂತಲೂ ಮನಸ್ಸಿಗೆ ಚುಚ್ಚುವ ಸಂಗತಿ ಇನ್ನೊಂದಿದೆ. 2019ರಲ್ಲಿ ಅದೇ ಕಂಪನಿ ಹಳೆಯ ಯಂತ್ರ ಉಳ್ಳವರಿಗೆ ಹೊಸತನ್ನು 30 ಶೇಕಡ ರಿಯಾಯಿತಿಯಲ್ಲಿ ಕೊಡಲು ಮುಂದಾಯಿತು. ಆದರೆ ಒಂದು ಷರತ್ತು. ಹಳೆಯದನ್ನು 'ಮರುಬಳಕೆ' ಎಂಬ ಸ್ಥಿತಿಗೆ ಹಾಕಬೇಕು. ಹಾಕಿದ 21 ದಿನಗಳಲ್ಲಿ ಅದು ಶಾಶ್ವತವಾಗಿ ಮೂಕವಾಗುತ್ತದೆ. ಆಮೇಲೆ ಅದನ್ನು ಬಡವನೊಬ್ಬನಿಗೆ ಕೊಡುವಂತಿಲ್ಲ, ಶಾಲೆಗೆ ದಾನ ಮಾಡುವಂತಿಲ್ಲ, ಸೆಕೆಂಡ್ ಹ್ಯಾಂಡ್ ಮಾರುವಂತಿಲ್ಲ. ಚೆನ್ನಾಗಿರುವುದನ್ನು ಬೇಕೆಂದೇ ಕೊಂದು ಅದಕ್ಕೆ ಮರುಬಳಕೆ ಎಂಬ ಒಳ್ಳೆಯ ಹೆಸರಿಡುವುದು! ಜನ ಸಿಟ್ಟಿಗೆದ್ದರು. 2020ರ ಮಾರ್ಚಿನಲ್ಲಿ ಕಂಪನಿ ಆ ಷರತ್ತನ್ನು ಕೈಬಿಟ್ಟಿತು. ಅದಕ್ಕೂ ಮೊದಲು, ಜನವರಿಯಲ್ಲಿ, ಹೊಸ ಅಪ್‌ಡೇಟ್ ನಿಲ್ಲಿಸುವ ಪ್ರಕಟಣೆಯ ಎರಡೇ ದಿನಗಳಲ್ಲಿ ಅದರ ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಕ್ಷಮೆ ಕೇಳಿ, ಹಳೆಯ ಯಂತ್ರಗಳ ಸುರಕ್ಷತೆಯನ್ನು ಸಾಧ್ಯವಿರುವಷ್ಟು ಕಾಲ ನೋಡಿಕೊಳ್ಳುವ ಮಾತು ಕೊಟ್ಟಿದ್ದರು.

ಕೊನೆಗೆ ಕಂಡುಕೊಂಡ ದಾರಿಯೇನು? 2020ರ ಜೂನ್‌ನಲ್ಲಿ ಹಳತಕ್ಕೆ 'ಎಸ್1', ಹೊಸತಕ್ಕೆ 'ಎಸ್2' ಎಂದು ಎರಡು ಬೇರೆ ಆಪ್‌ಗಳಾದವು. ನೊಗ ಬೇರೆಯಾಯಿತು. ಮುದಿ ಎತ್ತು ತನ್ನ ಹೊಲವನ್ನು ತನ್ನ ನಡಿಗೆಯಲ್ಲಿ ಉಳುತ್ತದೆ, ಹೋರಿ ತನ್ನದನ್ನು. ಹಳತು ಸಾಯಲಿಲ್ಲ, ಹೊಸತು ಕಾಯಬೇಕಾಗಲಿಲ್ಲ. ಆದರೆ ಒಂದೇ ಮನೆಯ ಎರಡು ಕೋಣೆಗಳು ಇನ್ನು ಕೂಡಿ ಹಾಡಲಾರವು. ನ್ಯಾಯ ಕೆಲವೊಮ್ಮೆ ಇಷ್ಟನ್ನೇ ಕೊಡಬಲ್ಲದು. ಪೂರ್ತಿ ಸಂತೋಷ ಯಾರಿಗೂ ಇಲ್ಲ, ಪೂರ್ತಿ ನಷ್ಟವೂ ಯಾರಿಗೂ ಇಲ್ಲ.

ಹೊಸತಕ್ಕೆ ಮಾತ್ರ ಸುಖವಿತ್ತೆಂದೂ ತಿಳಿಯಬೇಡಿ. 2024ರ ಮೇ ತಿಂಗಳಲ್ಲಿ ಕಂಪನಿ ಹೊಸದಾಗಿ ಕಟ್ಟಿದ ಆಪ್ ಹೊರತಂದಿತು. ಬೆಳಗಿನ ಅಲಾರಂ ಬದಲಿಸುವುದು, ಮಲಗುವಾಗ ತಾನಾಗಿ ನಿಲ್ಲುವ ಟೈಮರ್ ಮೊದಲಾದ ಎಷ್ಟೋ ಅನುಕೂಲಗಳು ಅದರಲ್ಲಿ ಕಾಣೆಯಾಗಿದ್ದವು. ಪರದೆಯನ್ನು ಓದಿ ಹೇಳುವ ಸೌಲಭ್ಯವನ್ನೇ ನೆಚ್ಚಿದ್ದ ಅಂಧರಿಗೆ ಬಳಸುವುದೇ ಕಷ್ಟವಾಯಿತು. ಕಂಪನಿ ಮತ್ತೆ ಕ್ಷಮೆ ಕೇಳಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಮಾರು 100 ನೌಕರರು ಕೆಲಸ ಕಳೆದುಕೊಂಡರು. 2025ರ ಜನವರಿಯಲ್ಲಿ ಸ್ಪೆನ್ಸ್ ಅಧಿಕಾರ ಬಿಟ್ಟರು. ಅವಸರದ ಹೊಸತನ ಮೊದಲು ಬಲಿ ತೆಗೆದುಕೊಳ್ಳುವುದು ಬಲಹೀನರನ್ನೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದೆಲ್ಲ ದೂರದ ಅಮೆರಿಕದ ಮಾತು, ನಮಗೇನು ಎನ್ನಬೇಡಿ. ಚೆನ್ನಾಗಿರುವ ಹಳೆಯ ಮೊಬೈಲಿನಲ್ಲಿ ಒಂದು ದಿನ ವಾಟ್ಸಾಪ್ ನಿಂತುಹೋದದ್ದನ್ನು ಕಂಡವರು ನಮ್ಮಲ್ಲೂ ಇದ್ದಾರೆ. ಆದ್ದರಿಂದ ಯಂತ್ರ ಕೊಳ್ಳುವಾಗ ಬೆಲೆ, ಗ್ಯಾರಂಟಿ ಕೇಳುವಂತೆ "ಅಪ್‌ಡೇಟ್ ಎಷ್ಟು ವರ್ಷ?" ಎಂದೂ ಕೇಳುವ ಅಭ್ಯಾಸ ಮಾಡಿಕೊಳ್ಳೋಣ. ಹೊಸತು ತಂದಾಗ ಕೆಡದ ಹಳತನ್ನು ಕಸಕ್ಕೆ ಹಾಕದೆ ಬೇಕಾದವರ ಕೈಗೆ ಮುಟ್ಟಿಸೋಣ.

ಕೊನೆಯದಾಗಿ ಒಂದು ಎಚ್ಚರ. ಯಂತ್ರಕ್ಕೆ ಹಕ್ಕಿಲ್ಲ, ಅದನ್ನು ನಂಬಿ ಕೊಂಡ ಮನುಷ್ಯನಿಗಿದೆ. ಸ್ಪೀಕರನ್ನು ಬೇರೆ ನೊಗಕ್ಕೆ ಕಟ್ಟಬಹುದು, ಒಂದು ದಿನ ಮೂಲೆಗಿಡಲೂಬಹುದು. ಮನುಷ್ಯನ ವಿಷಯದಲ್ಲಿ ಹಾಗಲ್ಲ. ಆದರೆ ಕೈಗೆ ಬಂದ ರೂಢಿ ಮನಸ್ಸಿಗೂ ಇಳಿಯುತ್ತದೆ. ವಸ್ತು ಕೆಡುವ ಮೊದಲೇ ಎಸೆಯಲು ಕಲಿತ ಮನೆಯಲ್ಲಿ, ಫೋನಿನಲ್ಲಿ ಹಣ ಕಳಿಸಲು ಬಾರದ ಅಜ್ಜನ ಪ್ರಶ್ನೆಗೆ "ನಿಮಗೆ ಅರ್ಥವಾಗುವುದಿಲ್ಲ, ಬಿಡಿ" ಎಂಬ ಉತ್ತರ ಬೇಗ ಬರುತ್ತದೆ. ಅಜ್ಜ ಕೆಟ್ಟಿಲ್ಲ, ಸುತ್ತಲ ಲೋಕ ಬದಲಾಗಿದೆ, ಅಷ್ಟೆ. ಅವರ ನಡಿಗೆಗೆ ನಮ್ಮ ನಡಿಗೆಯನ್ನು ಕೊಂಚ ತಗ್ಗಿಸಿದರೆ ಮನೆಯ ಹಾಡು ನಿಲ್ಲುವುದಿಲ್ಲ. ಎಲ್ಲ ಕೋಣೆಗಳಲ್ಲೂ ಕೇಳುತ್ತದೆ.