ಇಂದಿನ ಧಮ್ಮ ಚಿಂತನೆ: ಮಕ್ಕಳ ನಡುವೆ ಇಟ್ಟ ಬಿಂದಿಗೆ



ಭಾನುವಾರ ವಂದನೆ ಮುಗಿದ ಮೇಲೆ ವಿಹಾರದಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಕೂಡಿಸಿ ಆಟವಾಡಿಸುತ್ತಿದ್ದೇವೆ. ಈ ಆಟದ ಗುಂಪಿನ ಬಗ್ಗೆ ಎರಡು ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. "ಬರೀ ಆಟ ಆಡಿಸ್ತೀರಿ, ಪಂಚಶೀಲ ಕಲಿಸೋದು ಯಾವಾಗ?" ಎಂಬುದು ಒಂದು. "ಅಂಗನವಾಡಿ ಇದೆಯಲ್ಲ, ಇದು ಯಾಕೆ?" ಎಂಬುದು ಇನ್ನೊಂದು. ಎರಡೂ ಒಳ್ಳೆಯ ಪ್ರಶ್ನೆಗಳೇ.

ಮೊದಲನೆಯದಕ್ಕೆ ಉತ್ತರ ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿದೆ. ಆಗ ರಾಹುಲನಿಗೆ ಏಳು ವರ್ಷ ಎಂದು ಅಟ್ಠಕಥೆ ಹೇಳುತ್ತದೆ. ಭಗವಾನ್ ಬುದ್ಧರು ಕಾಲು ತೊಳೆದು, ಪಾತ್ರೆಯಲ್ಲಿ ತುಸು ನೀರು ಉಳಿಸಿ ಅವನಿಗೆ ತೋರಿಸಿದರು. ಆಮೇಲೆ ಆ ನೀರು ಚೆಲ್ಲಿದರು. ಪಾತ್ರೆಯನ್ನು ಬೋರಲು ಹಾಕಿದರು. ಮತ್ತೆ ನೆಟ್ಟಗಿಟ್ಟು ಖಾಲಿ ಪಾತ್ರೆ ತೋರಿಸಿದರು. ನಾಚಿಕೆಯಿಲ್ಲದೆ ಸುಳ್ಳು ಹೇಳುವವನ ಬದುಕು ಹೀಗೇ ಬರಿದು ಎಂದು ತಿಳಿಸಿದರು. ಹುಡುಗನ ಕಣ್ಣೆದುರಿಗಿದ್ದ ಪಾತ್ರೆಯಿಂದಲೇ ಪಾಠ ಶುರುವಾಯಿತು.

ಬಾಬಾಸಾಹೇಬರಿಗೂ ಬಾಲ್ಯದಲ್ಲಿ ನೀರಿನಿಂದ ಒಂದು ಪಾಠವಾಯಿತು. ಆದರೆ ಅದು ಕ್ರೂರ ಪಾಠ. ಸಾತಾರದ ಶಾಲೆಯಲ್ಲಿ ಕೂರಲು ಅವರು ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ನೀನು ಕೀಳು ಎಂದು ಯಾರೂ ಪಾಠದ ಪುಸ್ತಕದಲ್ಲಿ ಬರೆದಿರಲಿಲ್ಲ. ಗೋಣಿತಟ್ಟು ಕಲಿಸಿತು, ನಲ್ಲಿ ಕಲಿಸಿತು. ಅದೇ ತರಗತಿಯ ಉಳಿದ ಮಕ್ಕಳು ಅದನ್ನೇ ನೋಡಿ ತಾವು ಮೇಲು ಎಂದು ಕಲಿತರು. ಆ ಪಾಠ ಅಳಿಸಲು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನ ನಡೆದು ಹೋಗಬೇಕಾಯಿತು.

ಸಣ್ಣ ಮಕ್ಕಳು ಮಾತಿಗಿಂತ ಮೊದಲು ವಸ್ತುಗಳಿಂದ ಕಲಿಯುತ್ತಾರೆ. ಬಿಂದಿಗೆ ಎಲ್ಲಿದೆ, ಚಾಪೆ ಎಷ್ಟಿವೆ, ಯಾರ ಲೋಟ ಯಾರು ತೊಳೆಯುತ್ತಾರೆ ಎಂಬುದೆಲ್ಲ ಅವರ ಕಣ್ಣಿಗೆ ಬೀಳುತ್ತದೆ. ಪಂಚಶೀಲವೂ ಅಲ್ಲೇ ಶುರುವಾಗುತ್ತದೆ. ಆಡಿದ ಸಾಮಾನು ಬುಟ್ಟಿಗೆ ಮರಳಿದರೆ ಅದು ಎರಡನೆಯ ಶೀಲ. ಒಂದು ಮಗು ಇನ್ನೊಂದನ್ನು ಕಚ್ಚಿದಾಗ ಗದರದೆ, "ನಿಂಗೆ ಕಚ್ಚಿದ್ರೆ ನೋವಾಗುತ್ತಾ ಕಂದಾ?" ಎಂದು ಕೇಳಿದರೆ ಅದು ಮೊದಲನೆಯ ಶೀಲ. ಮೀನು ಹಿಡಿದು ಹಿಂಸಿಸುತ್ತಿದ್ದ ಹುಡುಗರನ್ನು ಬುದ್ಧರು ಕೇಳಿದ್ದೂ ಇಂಥದ್ದೇ ಪ್ರಶ್ನೆ ಎಂದು ಉದಾನದಲ್ಲಿದೆ.

ಇನ್ನು ಅಂಗನವಾಡಿ. ಅದು ನಮ್ಮ ಮಕ್ಕಳ ಹಕ್ಕು. 1975ರ ಅಕ್ಟೋಬರ್ 2ರಂದು ಆರಂಭವಾದ ಐಸಿಡಿಎಸ್ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಲ್ಲಿನ ಊಟ, ತೂಕ ನೋಡುವುದು, ಚುಚ್ಚುಮದ್ದು ಯಾವುದನ್ನೂ ತಪ್ಪಿಸಬೇಡಿ. ನಮ್ಮ ಗುಂಪು ಅದರ ಬದಲಿಗಲ್ಲ. ಅಲ್ಲಿ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುತ್ತೇವೆ. ಇಲ್ಲಿ ಅಮ್ಮನೋ ಅಪ್ಪನೋ ಅಜ್ಜಿಯೋ ಮಗುವಿನ ಜೊತೆಗೇ ಕೂರುತ್ತಾರೆ. ದೊಡ್ಡವರಿಗೂ ಇಲ್ಲಿ ಕಲಿಯುವುದಿದೆ.

ಏಕೆಂದರೆ ಯಾರೂ ಬಾಯಿಬಿಟ್ಟು ಕೇಳದ ಮೂರನೆಯ ಪ್ರಶ್ನೆ ಒಂದಿದೆ: "ಯಾರ್ಯಾರ ಮಕ್ಕಳು ಬರ್ತಾರೆ?" ಎಡಗೈ, ಬಲಗೈ ಎಂಬ ಗೆರೆ ದೀಕ್ಷೆ ತೆಗೆದುಕೊಂಡ ಮನೆಗಳಲ್ಲೂ ಪೂರ್ತಿ ಅಳಿಸಿಲ್ಲ. ಡಬ್ಬಿ ತೆರೆಯುವ ಹೊತ್ತಿಗೆ ಮೆಲ್ಲಗೆ ಮಗುವನ್ನು ತನ್ನ ಕಡೆಯವರ ಹತ್ತಿರ ಎಳೆದುಕೊಳ್ಳುವ ಕೈಗಳಿವೆ. ಮಗು ಅದನ್ನು ನೋಡುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಮತೆಯ ಪ್ರತಿಜ್ಞೆಯೂ ಇದೆ. ಬಾಯಿ ಅದನ್ನು ಹೇಳಿ ಕೈ ಮಗುವನ್ನು ಎಳೆದುಕೊಂಡರೆ, ಮಗು ಕಲಿಯುವುದು ಕೈ ಹೇಳಿದ್ದನ್ನು.

ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ, ತಮ್ಮ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿ ಎಂದು ತಾವೇ ಕೇಳಿಕೊಂಡರು. ಮೊದಲು ದೀಕ್ಷೆ ಪಡೆದವನು ಹಿರಿಯ, ಅವನಿಗೆ ತಾವು ತಲೆಬಾಗಬೇಕು, ಆಗ ತಮ್ಮ ಕುಲದ ಅಹಂಕಾರ ಕರಗೀತು ಎಂಬ ಎಣಿಕೆ. ಅಹಂಕಾರ ತಾನಾಗಿ ಹೋಗಲಿ ಎಂದು ಕಾಯದೆ ಅದಕ್ಕೊಂದು ಏರ್ಪಾಡು ಮಾಡಿಕೊಂಡರು. ನಮ್ಮ ಆಟದ ಗುಂಪಿಗೂ ಅಂಥ ಏರ್ಪಾಡು ಬೇಕು:

1. ಎಲ್ಲರಿಗೂ ಒಂದೇ ಜಮಖಾನ. ಕಾಯಿಸಿ ಆರಿಸಿದ ನೀರಿನ ಒಂದೇ ಬಿಂದಿಗೆ, ನಡುವೆ.
2. ಹೊಸದಾಗಿ ಬಂದ ಮಗುವಿಗೆ ಮೊದಲ ಲೋಟ ನೀರು.
3. ಲೋಟ ತೊಳೆಯುವುದು, ಕಸ ಗುಡಿಸುವುದು ಎಲ್ಲ ಮನೆಗಳ ಸರದಿ. ಅಪ್ಪಂದಿರೂ ಸರದಿಯಲ್ಲಿರಬೇಕು.
4. ತಂದ ತಿಂಡಿಯೆಲ್ಲ ಒಂದೇ ತಟ್ಟೆಗೆ, ಅಲ್ಲಿಂದ ಎಲ್ಲರಿಗೂ.
5. ಹುಣಸೆ ಬೀಜ, ಗುಂಡಿ, ಗೋಲಿ ಸಣ್ಣ ಮಕ್ಕಳ ಕೈಗೆ ಬೇಡ. ಗಂಟಲಲ್ಲಿ ಸಿಕ್ಕೀತು. ಸೀರೆಯ ಚೂರಿನ ಚೆಂಡು, ಸ್ಟೀಲ್ ಬಟ್ಟಲು, ಸೌಟು ಸಾಕು.
6. ಇಬ್ಬರೇ ಮಕ್ಕಳು ಬಂದರೂ ಹೇಳಿದ ಹೊತ್ತಿಗೆ ಬಾಗಿಲು ತೆರೆಯಬೇಕು. ಕೂಲಿಯ ನಡುವೆ ಬಿಡುವು ಮಾಡಿಕೊಂಡು ಬಂದ ತಾಯಿ ಮುಚ್ಚಿದ ಬಾಗಿಲು ನೋಡಿ ಹಿಂದಿರುಗಬಾರದು.

ಇವೆಲ್ಲ ಸಣ್ಣ ಕೆಲಸಗಳೇ. ಆದರೆ ಒಂದೇ ಬಿಂದಿಗೆಯ ನೀರು ಕುಡಿದು ಬೆಳೆದ ಮಗುವಿಗೆ ಮುಂದೆ ಯಾರಾದರೂ ಬೇರೆ ಲೋಟ ಕೊಟ್ಟರೆ, ಅದು ತಲೆತಗ್ಗಿಸುವುದಿಲ್ಲ. ಯಾಕೆ ಎಂದು ಕೇಳುತ್ತದೆ. ಬೇರೆಯವರಿಗೆ ಬೇರೆ ಲೋಟ ಇಡುವುದೂ ಇಲ್ಲ.

ಇಂದಿನ ಸಂಕಲ್ಪ: ಈ ಭಾನುವಾರ ನನ್ನ ಮಗುವನ್ನು ಕರೆತರುತ್ತೇನೆ. ಇದುವರೆಗೆ ನಾನು ಮಾತಾಡಿಸದ ಒಂದು ಮನೆಯ ಬಾಗಿಲಿಗೆ ಹೋಗಿ ಅವರ ಮಗುವನ್ನೂ ಕರೆಯುತ್ತೇನೆ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.