ಅನುಪಲಬ್ಧಿ ಮತ್ತು ಅಪ್ರಸಿದ್ಧ ಸಂಗೀತ

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಒಟ್ಟು 264 ರಾಗಗಳನ್ನು ಎಣಿಸುತ್ತಾನೆ, ಎಣಿಸುವಾಗ ಅವುಗಳಲ್ಲಿ ಹಲವನ್ನು ಪೂರ್ವಪ್ರಸಿದ್ಧ, ಅಂದರೆ ಹಿಂದೊಮ್ಮೆ ಹೆಸರಾಗಿದ್ದು ತನ್ನ ಕಾಲಕ್ಕೆ ಬಳಕೆ ತಪ್ಪಿದವು, ಎಂದೂ ಇನ್ನು ಕೆಲವನ್ನು ಅಧುನಾಪ್ರಸಿದ್ಧ, ಅಂದರೆ ಸದ್ಯಕ್ಕೆ ಚಾಲ್ತಿಯಲ್ಲಿರುವವು, ಎಂದೂ ಬೇರ್ಪಡಿಸುತ್ತಾನೆ. ಈ ಗ್ರಂಥಕ್ಕೆ ಪ್ರಸಿದ್ಧಿ ಎಂಬುದು ಕಾಲದೊಡನೆ ಏರಿ ಇಳಿಯುವ ಒಂದು ಸ್ಥಿತಿ ಮಾತ್ರ. ಹಾಡುವವರಿಲ್ಲದ ರಾಗಕ್ಕೂ ಶಾಸ್ತ್ರದಲ್ಲಿ ಹೆಸರಿದೆ, ಲಕ್ಷಣವಿದೆ, ಕುಲವಿದೆ. ಕೇಳುವವರು ಕಡಿಮೆಯಾದ ಮಾತ್ರಕ್ಕೆ ಅದು ಪಟ್ಟಿಯಿಂದ ಹೊರಬೀಳುವುದಿಲ್ಲ. ಅಂತರಜಾಲದ ಯುಗದಲ್ಲಿ ಯಾವ ಸಂಗೀತವನ್ನು ಅಪ್ರಸಿದ್ಧ ಎನ್ನಬೇಕು ಎಂಬ ಪ್ರಶ್ನೆಯನ್ನು ಎತ್ತುವವರು ಸಾಮಾನ್ಯವಾಗಿ ಇಂಥ ವಿವೇಚನೆಯನ್ನು ಬದಿಗಿಟ್ಟು, ಕೇಳುಗರ ಸಂಖ್ಯೆಯೊಂದನ್ನೇ ಹಿಡಿದು ಹೊರಡುತ್ತಾರೆ.

ಸಂಖ್ಯೆಯನ್ನು ಹಿಡಿಯುವುದು ಸುಲಭ, ಏಕೆಂದರೆ ಅದು ಪರದೆಯ ಮೇಲೆಯೇ ಬರೆದಿರುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಳನ್ನು ಗ್ರಾಮಫೋನ್ ಕಂಪನಿ ಮುದ್ರಿಸಿಕೊಂಡಂದಿನಿಂದ ಕ್ಯಾಸೆಟ್ಟಿನ ಕಾಲದವರೆಗೆ ಯಾವುದು ದೂರದವರ ಕಿವಿಗೆ ಬೀಳಬೇಕೆಂಬುದನ್ನು ಬಹುಮಟ್ಟಿಗೆ ಕಂಪನಿಯೋ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಂಥ ಕೇಂದ್ರವೋ ನಿರ್ಧರಿಸುತ್ತಿತ್ತು. ಆ ಬಾಗಿಲನ್ನು ದಾಟದ ಸಂಗೀತ ಹುಟ್ಟಿದ ಊರಿನಲ್ಲಿಯೇ ಉಳಿಯುತ್ತಿತ್ತು, ಹಾಗೆ ಉಳಿದುದಕ್ಕೆ ಕಾರಣವೂ ಸ್ಪಷ್ಟವಾಗಿತ್ತು. ಈಗ ಕೈಯಲ್ಲಿ ಫೋನಿರುವ ಯಾರು ಬೇಕಾದರೂ ಹಾಡನ್ನು ಜಾಲಕ್ಕೆ ಏರಿಸಬಹುದು. ಬಾಗಿಲು ಹೋಯಿತೆಂದ ಮೇಲೆ ಅಪ್ರಸಿದ್ಧಿಯೂ ಹೋಗಬೇಕಿತ್ತು. ಅದು ಹೋಗಲಿಲ್ಲ, ಬೇರೆ ರೂಪ ತಾಳಿತು. 2024ರಿಂದ ಸ್ಪಾಟಿಫೈ ಸಂಸ್ಥೆಯು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಲ್ಪಡದ ಹಾಡಿಗೆ ಗೌರವಧನದ ಲೆಕ್ಕವನ್ನೇ ಇಡುವುದಿಲ್ಲವೆಂಬ ನಿಯಮ ತಂದಿದೆ. ಲೆಕ್ಕಪತ್ರದ ಅನುಕೂಲಕ್ಕಾಗಿ ಎಳೆದ ಈ ಗೆರೆಯನ್ನು ಪ್ರಸಿದ್ಧಿಯ ಲಕ್ಷಣವೆಂದು ಒಪ್ಪಿಕೊಂಡರೆ ಕೂಡಲೇ ತೊಡಕು ಎದುರಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಜಾನಪದವೆಂಬ ಹೆಸರಿನಲ್ಲಿ ಯೂಟ್ಯೂಬಿಗೆ ಬರುವ ಪ್ರೇಮಗೀತೆಗಳು, ಟ್ರ್ಯಾಕ್ಟರಿನ ಮೇಲೆ, ಮದುವೆಯ ಮೆರವಣಿಗೆಯಲ್ಲಿ, ಕಬ್ಬಿನ ಗದ್ದೆಯಲ್ಲಿ ಮೊಳಗುವ ಹಾಡುಗಳು, ಕೋಟಿಗಟ್ಟಲೆ ವೀಕ್ಷಣೆ ಕಂಡಿವೆ. ಆದರೂ ಬೆಂಗಳೂರಿನ ಸಂಗೀತ ವಿಮರ್ಶೆಯಲ್ಲಿ ಅವುಗಳ ಸುಳಿವೇ ಇಲ್ಲ. ಕೋಟಿ ಜನ ಕೇಳಿದ್ದು ಒಂದು ವಲಯಕ್ಕೆ ಗೊತ್ತೇ ಇಲ್ಲದಿರುವಾಗ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಲು ಬರುವುದಿಲ್ಲ.

ಆದುದರಿಂದ ಪ್ರಶ್ನೆಯನ್ನು ಸಮಾಜಶಾಸ್ತ್ರದ ಕೈಯಿಂದ ಬಿಡಿಸಿ ಪ್ರಮಾಣಶಾಸ್ತ್ರಕ್ಕೆ, ಅಂದರೆ ಅರಿವು ಹೇಗೆ ಹುಟ್ಟುತ್ತದೆ ಮತ್ತು ಯಾವ ಅರಿವನ್ನು ನಂಬಬಹುದು ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ, ಒಪ್ಪಿಸುವುದು ಲೇಸು. ಒಂದು ವಸ್ತು ಇಲ್ಲವೆಂಬುದು ತಿಳಿಯುವುದಾದರೂ ಹೇಗೆ ಎಂಬ ಬಗ್ಗೆ ಭಾರತೀಯ ದಾರ್ಶನಿಕರಲ್ಲಿ ದೀರ್ಘವಾದ ವಾಗ್ವಾದ ನಡೆದಿದೆ. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ ಅವರನ್ನು ಅನುಸರಿಸಿದ ಅದ್ವೈತಿಗಳೂ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪುತ್ತಾರೆ; ಉಪಲಬ್ಧಿ ಎಂದರೆ ಗೋಚರವಾಗುವುದು, ಅನುಪಲಬ್ಧಿ ಎಂದರೆ ಗೋಚರವಾಗದಿರುವುದು. ನೆಲದ ಮೇಲೆ ಗಡಿಗೆ ಕಾಣದಿದ್ದಾಗ ಇಲ್ಲಿ ಗಡಿಗೆ ಇಲ್ಲ ಎಂಬ ಅರಿವು ಹುಟ್ಟುವುದು ಈ ಕಾಣದಿರುವಿಕೆಯಿಂದಲೇ ಎಂಬುದು ಅವರ ವಾದ. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಎಣಿಸದೆ, ಅಭಾವವನ್ನೂ ಇಂದ್ರಿಯವೇ ಗ್ರಹಿಸುತ್ತದೆ, ಕಾಣದಿರುವಿಕೆ ಅದಕ್ಕೆ ನೆರವಾಗುತ್ತದೆ ಅಷ್ಟೇ ಎನ್ನುತ್ತಾರೆ. ಆ ಜಗಳ ಇಲ್ಲಿ ಮುಖ್ಯವಲ್ಲ. ಮುಖ್ಯವಾದುದು ಎರಡೂ ಪಕ್ಷದವರು ಬಿಡದೆ ಹಾಕುವ ಒಂದು ಷರತ್ತು: ಕಾಣದಿರುವಿಕೆಯಿಂದ ಅಭಾವವನ್ನು ಹೇಳಬೇಕಾದರೆ ಆ ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂತಿರಬೇಕು. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆ ಇಲ್ಲವೆನ್ನುವಂತಿಲ್ಲ. ಪರಮಾಣು ಕಣ್ಣಿಗೆ ಬೀಳಲಿಲ್ಲವೆಂದು ಪರಮಾಣುವನ್ನು ನಿರಾಕರಿಸುವಂತಿಲ್ಲ, ಏಕೆಂದರೆ ಕಣ್ಣಿಗೆ ಬೀಳುವ ಯೋಗ್ಯತೆಯೇ ಅದಕ್ಕಿಲ್ಲ.

ಅಂತರಜಾಲದಲ್ಲಿ ಹುಡುಕುವವನು ಹೆಜ್ಜೆಹೆಜ್ಜೆಗೂ ತಪ್ಪುವುದು ಈ ಷರತ್ತಿನಲ್ಲಿ. ಹುಡುಕಾಟದ ಯಂತ್ರ ಅತಿ ವಿಸ್ತಾರವಾದುದು ಎಂಬ ನಂಬಿಕೆಯೇ ಅಲ್ಲಿ ಸಿಗದಿದ್ದುದು ಎಲ್ಲಿಯೂ ಇಲ್ಲವೆಂಬ ನಿರ್ಣಯಕ್ಕೆ ಹಾದಿ ಮಾಡಿಕೊಡುತ್ತದೆ. ಹಳೆಯ ಕಾಲದ ಸಂಗೀತಪ್ರೇಮಿಗೆ ತನ್ನ ಅಜ್ಞಾನದ ಎಲ್ಲೆ ಗೊತ್ತಿತ್ತು. ಪಕ್ಕದ ತಾಲೂಕಿನ ಹಾಡು ತನಗೆ ತಿಳಿಯದೆಂಬುದು ಅವನಿಗೆ ತಿಳಿದಿತ್ತು. ಇಂದಿನವನ ಮುಂದೆ ಬೆಳಗುವ ಪರದೆ ಕತ್ತಲೆಯನ್ನೇ ಬೆಳಕೆಂದು ತೋರಿಸುತ್ತದೆ.

ಬೆಳಗಾವಿಯ ನೆಹರು ನಗರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕೆಎಲ್‌ಇ ಸಂಸ್ಥೆಯ ಆಸ್ಪತ್ರೆ, ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಅವುಗಳ ಸುತ್ತ ವಸತಿ ನಿಲಯಗಳು ಮತ್ತು ಬಾಡಿಗೆ ಕೋಣೆಗಳಿರುವ ಈ ಬಡಾವಣೆಯಲ್ಲಿ ನಾಡಿನ ಹಲವು ಮೂಲೆಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಕಿವಿಗೆ ತಂತಿಯಿಲ್ಲದ ಇಯರ್‌ಫೋನ್ ಸಿಕ್ಕಿಸಿಕೊಂಡವರಿಗೆ ಪಶ್ಚಿಮ ಆಫ್ರಿಕದ ಕೋರಾ ವಾದನವಾಗಲಿ ಕೊರಿಯದ ಪಾಪ್ ಆಗಲಿ ಕ್ಷಣಮಾತ್ರದ ಕೆಲಸ. ಅಲ್ಲಿಂದ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಖಾನಾಪುರದಲ್ಲಿ, ಅದರಾಚೆ ಹಲಸಿ, ದೇಗಾಂವಿ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ. ಕನ್ನಡದ ಮೇಳವಾದರೆ ಪೇಟಿ, ತಬಲಾ, ತಾಳ, ದಮ್ಮಡಿಗಳ ಜೊತೆ ತತ್ವಪದಗಳು, ಎಂದರೆ ಗುರುಮಾರ್ಗದ ಅನುಭಾವಿಗಳು ದೇಹ, ಮನಸ್ಸು, ಮುಕ್ತಿಗಳ ವಿಚಾರವನ್ನು ಆಡುಮಾತಿನಲ್ಲಿ ಕಟ್ಟಿದ ಪದಗಳು. ಮರಾಠಿಯ ಮೇಳವಾದರೆ ಪಖವಾಜ್ ಮತ್ತು ತಾಳಗಳೊಡನೆ ವಾರಕರಿ ಸಂತರ ಅಭಂಗಗಳು. ಕಾಡಿನಂಚಿನಲ್ಲಿ ಸಿದ್ದಿಯರ ಊರುಗಳಿವೆ. ಆಫ್ರಿಕದಿಂದ ಬಂದ ಪೂರ್ವಿಕರ ಈ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಿಂದ ಖಾನಾಪುರದವರೆಗೆ ಹರಡಿದ್ದು, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಮತ ಬೇರೆಯಾದರೂ ಡಮಾಮಿ ಎಂಬ ಚರ್ಮವಾದ್ಯದ ಕುಣಿತ ಮಾತ್ರ ಎಲ್ಲರದು.

ಇವೆಲ್ಲ ಜಾಲದಲ್ಲಿ ಇಲ್ಲವೇ ಎಂದರೆ, ಸಾಕಷ್ಟು ಇವೆ. ಇದ್ದರೂ ಇದ್ದಿದ್ದರೆ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿಲ್ಲ. ಧ್ವನಿವರ್ಧಕದ ಕಂಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ಮೂರು ತಾಸು ಮುದ್ರಿತವಾದ ಭಜನೆಗೆ ಊರಿನ ಹೆಸರೂ ದಿನಾಂಕವೂ ಬಿಟ್ಟರೆ ಬೇರೆ ತಲೆಬರಹವಿರುವುದಿಲ್ಲ, ಒಮ್ಮೊಮ್ಮೆ ಅದೂ ಇರುವುದಿಲ್ಲ. ಊರಿನ ಹೆಸರನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ದೇವನಾಗರಿಯಲ್ಲಿ, ಮತ್ತೊಬ್ಬರು ತೋಚಿದಂತೆ ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಬಹುಪಾಲು ಹಾಡುಗಳು ಭಜನಾ ಮಂಡಳಿಯ ವಾಟ್ಸಾಪ್ ಬಳಗದೊಳಗೇ ಸುತ್ತುತ್ತವೆ. ಅಲ್ಲಿಗೆ ಯಾವ ಹುಡುಕಾಟವೂ ಇಣುಕದು. ಇದರಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ತತ್ವಪದದ ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ, ಅಂದರೆ ಕರ್ತೃ ತನ್ನ ಹೆಸರನ್ನೋ ಗುರುವಿನ ಹೆಸರನ್ನೋ ಇಷ್ಟದೈವದ ಹೆಸರನ್ನೋ ಪದದೊಳಗೆ ನೇಯ್ದು ಇಟ್ಟಿರುತ್ತಾನೆ. ಬರಹವಿಲ್ಲದೆ ಬಾಯಿಂದ ಬಾಯಿಗೆ ಸಾಗುವ ಪದ ಯಾರದೆಂಬುದು ಕಳೆದುಹೋಗದಂತೆ ಮಾಡಿದ ಈ ಏರ್ಪಾಟು ಶತಮಾನಗಳ ಕಾಲ ಕೆಲಸ ಮಾಡಿದೆ. ಕಡತದ ಹೆಸರನ್ನಷ್ಟೇ ಓದುವ ಹುಡುಕಾಟಕ್ಕೆ ಮಾತ್ರ ಅದು ಎಟುಕುವುದಿಲ್ಲ. ಭಜನೆಯ ನಡುವೆ ಕುಳಿತ ಮುದುಕನಿಗೆ ಒಂದು ನುಡಿ ಕೇಳಿದೊಡನೆ ಹೊಳೆಯುವ ಕರ್ತೃತ್ವ ಜಾಲದಲ್ಲಿ ಅನಾಮಿಕವಾಗುತ್ತದೆ. ಭೀಮಗಡ ಅಭಯಾರಣ್ಯದೊಳಗಿನ, ಮೊಬೈಲ್ ನೆಟ್‌ವರ್ಕೇ ಸರಿಯಾಗಿ ಸಿಗದ ಊರುಗಳ ಮಾತನ್ನಂತೂ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಹೆಸರು, ಊರು, ಕರ್ತೃ ಎಲ್ಲವನ್ನೂ ಸರಿಯಾಗಿ ಬರೆದು ಏರಿಸಿದರೆ ಅಪ್ರಸಿದ್ಧಿ ತೀರುತ್ತದೆಯೇ ಎಂದು ಕೇಳಬಹುದು. ಹಿಂದೂಸ್ತಾನಿ ಸಂಗೀತದ ಅನುಭವ ತೀರುವುದಿಲ್ಲವೆನ್ನುತ್ತದೆ. ಆ ಪದ್ಧತಿಯಲ್ಲಿ ಅಪರೂಪದ ರಾಗಗಳನ್ನು ಅನವಟ ಅಥವಾ ಅಪ್ರಚಲಿತ ರಾಗಗಳೆನ್ನುತ್ತಾರೆ. ಜೈಪುರ ಅತ್ರೌಲಿ ಘರಾಣೆ ಅಂಥವುಗಳಿಗೆ ಹೆಸರಾದುದು. ಅದರ ಮೂಲಪುರುಷ ಅಲ್ಲಾದಿಯಾ ಖಾನರು ತಮ್ಮ ಹಾಡನ್ನು ಮುದ್ರಿಸಿಕೊಳ್ಳಲು ಬಿಡಲಿಲ್ಲ, ಘರಾಣೆಯ ಚೀಜುಗಳನ್ನು, ಎಂದರೆ ಬಂದಿಶುಗಳನ್ನು, ಹೊರಗಿನವರಿಗೆ ಕೊಡುವುದರಲ್ಲಿ ಬಿಗಿಯಾಗಿದ್ದರು. ಅವರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಕಲಿತ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಶಿವಮತ್ ಭೈರವ, ಖಟ್, ಬಸಂತಿ ಕೇದಾರ, ಸಂಪೂರ್ಣ ಮಾಲಕಂಸ ಇಂದು ಯಾರಿಗೆ ಬೇಕಾದರೂ ಯಾವ ಗಳಿಗೆಯಲ್ಲಿ ಬೇಕಾದರೂ ಲಭ್ಯ. ಹೀಗೆ ಗುಟ್ಟು ಒಡೆದಿದೆ. ಆದರೆ ರಾಗಗಳು ಪ್ರಚಲಿತವಾಗಿಲ್ಲ, ಏಕೆಂದರೆ ಅವನ್ನು ಕಂಠಕ್ಕೆ ತಂದುಕೊಳ್ಳಲು ಬೇಕಾದ ತಾಲೀಮು ಕಡತದೊಡನೆ ಇಳಿದು ಬರುವುದಿಲ್ಲ. ಶಾಸ್ತ್ರಗಳು ಅಧಿಕಾರ ಎಂದು ಕರೆಯುವುದು ಇದನ್ನೇ: ಒಂದು ವಿದ್ಯೆಯನ್ನು ಪಡೆಯಲು ಪಡೆಯುವವನಲ್ಲಿ ಇರಬೇಕಾದ ಸಿದ್ಧತೆ. ಜಾತಿಯ ಹೆಸರಿನಲ್ಲಿ ಈ ಮಾತು ನಡೆಸಿದ ಅನ್ಯಾಯವನ್ನು ಮರೆಯಬೇಕಾಗಿಲ್ಲ. ಆದರೂ ಸಿದ್ಧತೆ ಎಂಬ ಅದರ ತಿರುಳನ್ನು ಬಿಟ್ಟರೆ ಲಭ್ಯತೆಗೂ ಪ್ರಚಾರಕ್ಕೂ ನಡುವಿನ ಅಂತರವನ್ನು ವಿವರಿಸಲು ಬೇರೆ ದಾರಿ ಸಿಗುವುದಿಲ್ಲ. ಅನುಪಲಬ್ಧಿಯ ಷರತ್ತು ವಸ್ತುವಿನ ಯೋಗ್ಯತೆಯನ್ನು ಕೇಳಿದರೆ ಅಧಿಕಾರವು ಕೇಳುಗನ ಯೋಗ್ಯತೆಯನ್ನು ಕೇಳುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಸಂಗೀತ ಅಪ್ರಸಿದ್ಧವೇ.

ಬೆಳಗಾವಿಯ ರಂಗಮಂದಿರಕ್ಕೆ ಹೆಸರು ಕೊಟ್ಟ ಕುಮಾರ ಗಂಧರ್ವರ ಬದುಕು ಇದಕ್ಕೆ ಇನ್ನೊಂದು ಮುಖವನ್ನು ಸೇರಿಸುತ್ತದೆ. 1924ರಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠರಾಗಿ ಹುಟ್ಟಿದ ಅವರು ಕ್ಷಯರೋಗದಿಂದ ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದಾಗ ಮಾಳವದ ಜನಪದ ಹಾಡುಗಳಿಗೂ ನಾಥಪಂಥದ ಭಿಕ್ಷುಕರ ನಿರ್ಗುಣ ಭಜನೆಗಳಿಗೂ ಕಿವಿಗೊಟ್ಟರು. ಮುಂದೆ ಅವರ ಕಂಠದಲ್ಲಿ ಆ ನಿರ್ಗುಣ ಭಜನೆಗಳು ದೇಶದ ಆಸ್ತಿಯಾದವು. ಬಾಗಿಲಿಗೆ ಬಂದು ಹಾಡಿ ಹೋದವರು ಹಾಡಿದಂತೆಯೇ ಮರೆಯಾದರು. ಪದ ಪ್ರಸಿದ್ಧವಾಗಿ ಹಾಡುಗಾರ ಅಜ್ಞಾತನಾಗಿ ಉಳಿಯುವುದು ಅವರಿಗೆ ಅನ್ಯಾಯವೆನಿಸುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಆಕಾರವಿಲ್ಲದ, ಹೆಸರಿಲ್ಲದ ತತ್ವವನ್ನು ಹಾಡುವ ಪಂಥದಲ್ಲಿ ಹಾಡುವವನ ಹೆಸರು ಉಳಿಯಬೇಕೆಂಬ ಹಂಬಲವೇ ದೋಷ. ಶಾರ್ಙ್ಗದೇವನೂ ನಾದವನ್ನು ಆಹತ, ಅನಾಹತವೆಂದು ಎರಡಾಗಿಸಿ, ಯಾವ ತಾಡನವೂ ಇಲ್ಲದೆ ಒಳಗೇ ಮೊಳಗುವ ಅನಾಹತ ಮುಕ್ತಿ ಕೊಡುತ್ತದೆಯೇ ಹೊರತು ಜನರನ್ನು ರಂಜಿಸುವುದಿಲ್ಲ ಎಂದು ಒಪ್ಪಿಕೊಂಡಿದ್ದಾನೆ.

ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ. ಬೆಳಗಾವಿ ಜಿಲ್ಲೆಯದೇ ಆದ ಈ ಕ್ಷೇತ್ರದಲ್ಲಿ ಜೋಗತಿಯರು ಮತ್ತು ಜೋಗಪ್ಪಂದಿರು, ಎಂದರೆ ದೇವಿಗೆ ಬಿಡಲ್ಪಟ್ಟ ಹೆಣ್ಣುಗಳು ಮತ್ತು ಹೆಣ್ಣುಡುಗೆಯನ್ನು ಸ್ವೀಕರಿಸಿದ ಭಕ್ತರು, ಚೌಡಿಕೆ ಹಿಡಿದು ಹಾಡುತ್ತಾರೆ. ಒಂದು ಬಾಯಿಗೆ ಚರ್ಮ ಬಿಗಿದ ಕೊಳಗದಂಥ ಒಡಲಿನ ನಡುವಿನಿಂದ ತಂತಿಯೊಂದನ್ನು ಎಳೆದು, ಅದನ್ನು ಬಿಗಿಸುತ್ತ ಸಡಿಲಿಸುತ್ತ ಸಣ್ಣ ಕಡ್ಡಿಯಿಂದ ಮೀಟುವ ಈ ವಾದ್ಯ ಶ್ರುತಿಯನ್ನೂ ಲಯವನ್ನೂ ಒಂದೇ ಏಟಿನಲ್ಲಿ ಕೊಡುತ್ತದೆ. ತಂತಿಯ ಸ್ವರ ನಿಂತಲ್ಲಿ ನಿಲ್ಲದೆ ನರಳಿದಂತೆ ಮೇಲೆ ಕೆಳಗೆ ಜಾರುತ್ತದೆ, ಅದರ ಮೇಲೆ ರೇಣುಕೆ, ಜಮದಗ್ನಿ, ಪರಶುರಾಮರ ಕಥೆ ಪದವಾಗಿ ಹರಿಯುತ್ತದೆ. ಜಮದಗ್ನಿ ಸತ್ತನೆಂದು ಬಳೆ ಒಡೆಯುವ ರಂಡಿ ಹುಣ್ಣಿಮೆಗೂ, ದೇವಿ ಮತ್ತೆ ಮುತ್ತೈದೆಯಾಗುವ ಭಾರತ ಹುಣ್ಣಿಮೆಗೂ ಗುಡ್ಡ ಏರುವ ಲಕ್ಷಾಂತರ ಜನ ಈ ಪದಗಳ ನಡುವೆಯೇ ನಡೆಯುತ್ತಾರೆ. ಆದರೆ ಪದ ಅವರನ್ನು ಕುರಿತದ್ದಲ್ಲ. ಅದರ ಶ್ರೋತೃ ದೇವಿ; ಜನ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಮಾತ್ರ. ಯಾರನ್ನು ಕುರಿತು ಹಾಡಲಾಗಿದೆಯೋ ಅವಳಿಗೆ ತಲುಪಿತೆಂಬ ನಂಬಿಕೆ ಇರುವಲ್ಲಿ ಪ್ರಸಿದ್ಧಿ, ಅಪ್ರಸಿದ್ಧಿ ಎಂಬ ಎರಡು ಮಾತಿಗೂ ಜಾಗವಿಲ್ಲ, ವೀಕ್ಷಣೆಯ ಸಂಖ್ಯೆ ಸೊನ್ನೆಯಾದರೂ ಸೇವೆ ಪೂರ್ಣವಾಗಿಯೇ ಇರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಭಕ್ತಿಯ ಹೆಸರಿನಲ್ಲಿ ಒಂದು ನೋವನ್ನು ಮುಚ್ಚಿಟ್ಟಂತಾಗುತ್ತದೆ. ಈ ಪದಗಳಲ್ಲಿ ಕೆಲವು ಮುತ್ತು ಕಟ್ಟುವ ವಿಧಿಗೆ, ಅಂದರೆ ಎಳೆಯ ಹೆಣ್ಣನ್ನು ದೇವಿಗೆ ಬಿಡುವ ಕ್ರಿಯೆಗೆ, ಹೆಣೆದುಕೊಂಡವು; ಆ ವಿಧಿಯನ್ನು 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಅಪರಾಧವೆಂದು ಸಾರಿತು, ಸಾರಿದ್ದು ಸರಿಯಾಗಿಯೇ ಇತ್ತು. ಚೌಡಿಕೆ ಇಂದು ವೇದಿಕೆಗೆ ಬಂದಿದೆ. ಜೋಗತಿ ಕಲೆಯಿಂದ ಹೆಸರಾದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂಗಳದಲ್ಲಿ ಪಡ್ಡಲಗಿ, ಎಂದರೆ ಭಿಕ್ಷೆಯ ಬುಟ್ಟಿ, ಹಿಡಿದು ನಿಲ್ಲುತ್ತಿದ್ದ ಕಲೆಗೆ ದಕ್ಕಿದ ಮರ್ಯಾದೆ ಸಣ್ಣದಲ್ಲ. ವೇದಿಕೆಗೆ ಬರುವುದು ರೇಣುಕೆಯ ಕಥೆ, ಕೊಡ ಹೊತ್ತ ಕುಣಿತ. ಮುತ್ತು ಕಟ್ಟುವಾಗಿನ ಪದಕ್ಕೆ ಅಲ್ಲಿ ಸಂದರ್ಭವೇ ಇಲ್ಲ. ಅದನ್ನು ಬಲ್ಲ ಮುದುಕಿಯರು ಎಲ್ಲರ ಮುಂದೆ ಹಾಡಲು ಹಿಂಜರಿದರೆ ಆ ಹಿಂಜರಿಕೆಯಲ್ಲಿ ಕಾನೂನಿನ ಭಯ ಎಷ್ಟು, ದೇವಿಯ ಭಯ ಎಷ್ಟು, ತನಗಾದುದನ್ನು ಮೊಮ್ಮಗಳ ಕಿವಿಗೆ ಬೀಳಿಸಬಾರದೆಂಬ ನಿಶ್ಚಯ ಎಷ್ಟು ಎಂಬುದನ್ನು ಹೊರಗಿನ ಸಂಗ್ರಾಹಕ ಅಳೆಯಲಾರ. ಅಪ್ರಸಿದ್ಧವಾದುದೆಲ್ಲವನ್ನೂ ಬೆಳಕಿಗೆ ತರಬೇಕೆನ್ನುವ ಉತ್ಸಾಹ ಇಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುವುದು ಯುಕ್ತ. ಖಾನಾಪುರದ ಭಜನೆಗೆ ಸರಿಯಾದ ತಲೆಬರಹ ಬೇಕು, ಮನ್ಸೂರರ ಖಟ್ ರಾಗಕ್ಕೆ ಸಿದ್ಧವಾದ ಕಂಠ ಬೇಕು. ಮುತ್ತು ಕಟ್ಟುವ ಪದಕ್ಕೆ ಇವೆರಡನ್ನೂ ಒದಗಿಸಬಹುದಾದರೂ, ಒದಗಿಸಬೇಕೇ ಎಂಬುದನ್ನು ಹೇಳುವ ಹಕ್ಕು ಅದನ್ನು ಹಾಡಿ ಬದುಕಿದವಳದು.